ರಸ್ತೆಯ ಸದ್ದು, ರಸ್ತೆಯ ಗಾಳಿ: ಸಾರಿಗೆ ಇಲಾಖೆಯ ಒಂದು ಹೊಣೆ

ಮಾನವನ ನಾಗರಿಕತೆಯ ಬೆಳವಣಿಗೆಯಲ್ಲಿ ರಸ್ತೆಗೆ ವಿಶಿಷ್ಟವಾದ ಸ್ಥಾನವುಂಟು. ರೈತನ ಬೆಳೆಯನ್ನು ಪೇಟೆಗೂ, ರೋಗಿಯನ್ನು ಆಸ್ಪತ್ರೆಗೂ, ಹಳ್ಳಿಯ ಮಕ್ಕಳನ್ನು ವಿದ್ಯಾಶಾಲೆಗೂ ತಲಪಿಸುವುದು ರಸ್ತೆಯೇ. ಆದಕಾರಣ ಊರಿಗೆ ಒಳ್ಳೆಯ ರಸ್ತೆ ಬಂದಿತೆಂದರೆ ಭಾಗ್ಯವೇ ಬಂದಿತೆಂದು ಜನರು ಸಂತೋಷಪಡುವುದು ಸಹಜವಾಗಿದೆ. ಆದರೆ ಎಂಜಿನಿಯರನ ನಕ್ಷೆಯಲ್ಲಿ ಕಾಣಿಸದ ಎರಡು ಸಂಗತಿಗಳು ರಸ್ತೆಯ ಜೊತೆಗೇ ಊರನ್ನು ಪ್ರವೇಶಿಸುತ್ತವೆ. ಒಂದು, ವಾಹನಗಳು ಉಗುಳುವ ಹೊಗೆ. ಇನ್ನೊಂದು, ಅವು ಎಬ್ಬಿಸುವ ಸದ್ದು. ಇವೆರಡಕ್ಕೂ ರಸ್ತೆಯ ಅಂಚಿನ ಕಲ್ಲು ಎಲ್ಲೆಯಲ್ಲ. ಅವು ಪಕ್ಕದ ಮನೆಯ ಕಿಟಕಿಯನ್ನೂ ಶಾಲೆಯ ಕೊಠಡಿಯನ್ನೂ ಹೊಗುತ್ತವೆ.

ಹೀಗೆ ಹೊಗುವ ಹೊಗೆಗೂ ಸದ್ದಿಗೂ ಯಾರು ಹೊಣೆ? ವಾಹನವನ್ನು ತಯಾರಿಸಿದವನೆ, ಓಡಿಸುವವನೆ, ಅಥವಾ ರಸ್ತೆಯನ್ನು ಕಟ್ಟಿದ ಸರಕಾರವೆ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1970ರಿಂದೀಚೆಗೆ ಈ ಪ್ರಶ್ನೆಗೆ ಒಂದು ಸ್ಪಷ್ಟವಾದ ಉತ್ತರ ರೂಪುಗೊಂಡಿದೆ. ಮೂವರಿಗೂ ಪಾಲುಂಟು, ಆದರೆ ರಸ್ತೆಯನ್ನು ಕಟ್ಟುವ ಇಲಾಖೆಯು ತನ್ನ ಪಾಲನ್ನು ರಸ್ತೆ ಕಟ್ಟುವ ಮೊದಲೇ ಅಳೆದು, ಬರೆದು, ಜನರ ಮುಂದಿಡತಕ್ಕದ್ದು ಎಂಬುದೇ ಆ ಉತ್ತರ. ಅಲ್ಲಿನ ರಾಜ್ಯಗಳ ಸಾರಿಗೆ ಇಲಾಖೆಗಳು ನಮ್ಮ ಲೋಕೋಪಯೋಗಿ ಇಲಾಖೆಯಂತೆ ಹೆದ್ದಾರಿಗಳನ್ನು ಕಟ್ಟಿ ಕಾಪಾಡುವ ಸಂಸ್ಥೆಗಳು. ಅವುಗಳಲ್ಲಿ ವಾಯುಗುಣ ಮತ್ತು ಶಬ್ದಗಳ ಕಾರ್ಯಕ್ರಮವನ್ನು ನೋಡಿಕೊಳ್ಳುವ ತಜ್ಞರಿದ್ದಾರೆ. ಅವರು ಮಾಡುವ ಕೆಲಸದ ಸ್ವರೂಪವೇನು, ಅದರಿಂದಾಗುವ ಪ್ರಯೋಜನವೇನು, ಅದರ ಮಿತಿಗಳೇನು ಎಂಬುದನ್ನು ತಿಳಿಯುವುದು ವಿದ್ಯಾಸಂಸ್ಥೆಗಳೊಡನೆ ಸಂಬಂಧವುಳ್ಳವರಿಗೆ ವಿಶೇಷವಾಗಿ ಉಪಯುಕ್ತ. ಏಕೆಂದರೆ ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದ ಉದಾಹರಣೆಗಳಲ್ಲೊಂದು ದೊರೆತದ್ದು ಒಂದು ಶಾಲೆಯಲ್ಲಿಯೇ.

ಒಂದು ಶಾಲೆಯ ಎರಡು ಪಾರ್ಶ್ವಗಳು

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ಉತ್ತರ ತುದಿಯಲ್ಲಿ ಪಿ.ಎಸ್. 98 ಎಂಬ ಸರಕಾರಿ ಪ್ರಾಥಮಿಕ ಶಾಲೆಯಿದೆ. ಅದರ ಸಮೀಪದಲ್ಲಿ ಕಂಬಗಳ ಮೇಲೆ ಎತ್ತರಿಸಿದ ಹಳಿಗಳಲ್ಲಿ ನಗರದ ರೈಲು ಓಡುತ್ತದೆ. ಶಾಲೆಯ ಒಂದು ಪಾರ್ಶ್ವದ ಕೊಠಡಿಗಳು ಹಳಿಗಳ ಕಡೆಗೆ ಮುಖಮಾಡಿದ್ದರೆ, ಮತ್ತೊಂದು ಪಾರ್ಶ್ವದ ಕೊಠಡಿಗಳು ಕಟ್ಟಡದ ಮರೆಯಲ್ಲಿ ಶಾಂತವಾಗಿದ್ದುವು. ಸುಮಾರು ನಾಲ್ಕೂವರೆ ನಿಮಿಷಕ್ಕೊಮ್ಮೆ ರೈಲು ಹಾದುಹೋಗುವಾಗ ಹಳಿಯ ಕಡೆಯ ಕೊಠಡಿಗಳಲ್ಲಿ ಸದ್ದು 89 ಡೆಸಿಬೆಲ್‌ಗಳವರೆಗೆ ಏರುತ್ತಿತ್ತು. ಉಪಾಧ್ಯಾಯರು ವಾಕ್ಯದ ನಡುವೆ ನಿಲ್ಲಿಸಿ, ರೈಲು ಸಾಗಿದ ಮೇಲೆ ಮುಂದುವರಿಸಬೇಕಾಗಿತ್ತು. ನಿಂತದ್ದು ಪಾಠ ಮಾತ್ರವಲ್ಲ, ಮಕ್ಕಳ ಗಮನವೂ ಹೌದು.

ಪರಿಸರ ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್ಜಾಫ್ಟ್ ಅವರು ಸಹೋದ್ಯೋಗಿಯೊಬ್ಬರ ಜೊತೆಗೂಡಿ ಈ ಶಾಲೆಯ ಮಕ್ಕಳ ಓದಿನ ಪರೀಕ್ಷೆಯ ಅಂಕಗಳನ್ನು ಹೋಲಿಸಿ, 1975ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಾಲೆಯೊಂದೇ, ಪಠ್ಯವೊಂದೇ, ಮಕ್ಕಳ ಮನೆಯ ಸ್ಥಿತಿಗತಿಗಳೂ ಒಂದೇ ತೆರ. ಆದರೂ ಆರನೆಯ ತರಗತಿಯ ವೇಳೆಗೆ ಸದ್ದಿನ ಪಾರ್ಶ್ವದ ಮಕ್ಕಳು ಶಾಂತ ಪಾರ್ಶ್ವದ ಮಕ್ಕಳಿಗಿಂತ ಓದಿನಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದುಳಿದಿದ್ದರು. ಈ ಹಿಂದುಳಿಯುವಿಕೆಗೆ ಅವರ ಬುದ್ಧಿಯಾಗಲಿ ಶ್ರಮವಾಗಲಿ ಕಾರಣವಾಗಿರಲಿಲ್ಲ. ಕುಳಿತ ಸ್ಥಳವೇ ಕಾರಣವಾಗಿತ್ತು.

ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಕೇವಲ ದುಃಖದ ಸಂಗತಿಯಾಗುತ್ತಿತ್ತು. ಅಂಕಿಗಳು ಬಹಿರಂಗವಾದ ಮೇಲೆ ನಗರದ ರೈಲು ಸಾರಿಗೆ ಪ್ರಾಧಿಕಾರವು ಶಾಲೆಯ ಬಳಿಯ ಹಳಿಗಳ ಕೆಳಗೆ ರಬ್ಬರಿನ ಮೆತ್ತೆಗಳನ್ನು ಅಳವಡಿಸಿತು. ಶಿಕ್ಷಣ ಮಂಡಲಿಯು ಸದ್ದಿನ ಕೊಠಡಿಗಳಿಗೆ ಶಬ್ದವನ್ನು ಹೀರುವ ಒಳಛಾವಣಿ ಹಾಕಿಸಿತು. 1981ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಎರಡೂ ಪಾರ್ಶ್ವಗಳ ಮಕ್ಕಳು ಸಮಾನವಾಗಿ ಓದುತ್ತಿದ್ದರು. ಯಾರೂ ಅಳೆಯದಿದ್ದಾಗ ಆ ಹಾನಿಗೆ ಒಡೆಯನೇ ಇರಲಿಲ್ಲ. ಅಳೆದೊಡನೆ ಅದಕ್ಕೆ ಕಾರಣವೂ ಪರಿಹಾರವೂ ಕಂಡವು. ವಾಯುಗುಣ ಹಾಗೂ ಶಬ್ದ ಕಾರ್ಯಕ್ರಮಗಳ ಸಮಗ್ರ ತತ್ತ್ವವು ಈ ಒಂದು ದೃಷ್ಟಾಂತದಲ್ಲಿ ಅಡಗಿದೆ.

ಕಾಯಿದೆಯ ಹಿನ್ನೆಲೆ

ಅಮೆರಿಕದಲ್ಲಿ ಅಂತರರಾಜ್ಯ ಹೆದ್ದಾರಿಗಳ ಬೃಹತ್ ಯೋಜನೆಗೆ 1956ರ ಕಾಯಿದೆಯು ಚಾಲನೆ ನೀಡಿತು. 41,000 ಮೈಲಿಗಳ ಜಾಲ. ವೆಚ್ಚದಲ್ಲಿ ನೂರಕ್ಕೆ 90ರಷ್ಟನ್ನು ಕೇಂದ್ರ ಸರಕಾರವೇ ಭರಿಸುವ ವ್ಯವಸ್ಥೆ. ಹೆದ್ದಾರಿಗಳು ನಗರಗಳ ನಡುವೆಯೇ ಹಾದುವು. ಆ ಕಾಲದ ಎಂಜಿನಿಯರರು ದೂರ, ಇಳಿಜಾರು, ಭಾರ, ವೆಚ್ಚ ಇವುಗಳನ್ನು ಲೆಕ್ಕ ಹಾಕಿದರು. ಪಕ್ಕದ ಮನೆಯವರ ನಿದ್ರೆಯನ್ನು ಲೆಕ್ಕಕ್ಕೆ ಸೇರಿಸುವ ಪದ್ಧತಿ ಇರಲಿಲ್ಲ.

ಹೊಗೆಯ ವಿಚಾರದಲ್ಲಿ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧದ ಕಾಲವಾದ್ದರಿಂದ ಶತ್ರುಗಳು ವಿಷಾನಿಲವನ್ನು ಪ್ರಯೋಗಿಸಿರಬಹುದೆಂಬ ಶಂಕೆಯೂ ಹುಟ್ಟಿತು. 1950ರ ದಶಕದ ಆರಂಭದಲ್ಲಿ ಏರೀ ಹಾಗನ್‌ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಅದರ ಮೂಲವನ್ನು ಕಂಡುಹಿಡಿದರು. ವಾಹನಗಳಿಂದಲೂ ತೈಲ ಶುದ್ಧೀಕರಣ ಕೇಂದ್ರಗಳಿಂದಲೂ ಹೊರಬಂದ ಹೈಡ್ರೊಕಾರ್ಬನ್‌ಗಳು ಮತ್ತು ಸಾರಜನಕದ ಆಕ್ಸೈಡುಗಳು ಸೂರ್ಯನ ಬೆಳಕಿನಲ್ಲಿ ಪರಸ್ಪರ ವರ್ತಿಸಿ ಓಜೋನನ್ನು ಉಂಟುಮಾಡುತ್ತವೆಂದು ಅವರು ತೋರಿಸಿಕೊಟ್ಟರು. ಶತ್ರುವು ಹೊರಗಿನವನಲ್ಲ, ಮನೆಮನೆಯ ಮುಂದೆ ನಿಂತಿದ್ದ ಕಾರೇ ಆಗಿತ್ತು.

1970 ಈ ಚರಿತ್ರೆಯಲ್ಲಿ ಮಹತ್ತ್ವದ ವರ್ಷ. ರಾಷ್ಟ್ರೀಯ ಪರಿಸರ ನೀತಿ ಕಾಯಿದೆಗೆ ಜನವರಿ 1ರಂದು ಅಧ್ಯಕ್ಷರ ಅಂಕಿತ ಬಿದ್ದಿತು. ಶುದ್ಧ ವಾಯು ಕಾಯಿದೆಯು ವರ್ಷದ ಕೊನೆಯ ದಿನ ಅಂಗೀಕೃತವಾಯಿತು. ಅದೇ ದಿನಗಳಲ್ಲಿ ಬಂದ ಹೆದ್ದಾರಿ ಕಾಯಿದೆಯು ಹೆದ್ದಾರಿಯ ಶಬ್ದಕ್ಕೆ ಮಾನದಂಡಗಳನ್ನು ರಚಿಸಬೇಕೆಂದು ವಿಧಿಸಿತು. ಅಂದಿನಿಂದ ಕೇಂದ್ರದ ಹಣದಿಂದ ಹೆದ್ದಾರಿ ಕಟ್ಟಬಯಸುವ ಪ್ರತಿಯೊಂದು ರಾಜ್ಯವೂ ಮೊದಲು ಪರಿಣಾಮವನ್ನು ಅಧ್ಯಯನ ಮಾಡತಕ್ಕದ್ದೆಂದಾಯಿತು. ಹಣದ ಥೈಲಿಯ ದಾರ ಕೇಂದ್ರದ ಕೈಯಲ್ಲಿದ್ದುದರಿಂದ ಈ ನಿಯಮವು ಕಾಗದದಲ್ಲಿಯೇ ಉಳಿಯಲಿಲ್ಲ. ರಾಜ್ಯಗಳ ಇಲಾಖೆಗಳು ಸೇತುವೆಯ ತಜ್ಞರ ಪಕ್ಕದಲ್ಲಿ ಶಬ್ದತಜ್ಞರಿಗೂ ವಾಯುತಜ್ಞರಿಗೂ ಮೇಜು ಹಾಕಬೇಕಾಯಿತು.

ಸದ್ದಿನ ಲೆಕ್ಕ

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದು ಮೊಳ, ಸೇರುಗಳಂತೆ ಕೂಡಿಸಿ ಕಳೆಯುವ ಮಾನವಲ್ಲ. ರಸ್ತೆಯಲ್ಲಿ ವಾಹನಗಳ ಸಂಖ್ಯೆ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಅದು ಕಿವಿಗೆ ಅಷ್ಟಾಗಿ ಗೋಚರಿಸುವುದಿಲ್ಲ. ಸದ್ದು ಇಮ್ಮಡಿಯಾದಂತೆ ಕಿವಿಗೆ ತೋರಬೇಕಾದರೆ 10 ಡೆಸಿಬೆಲ್ ಏರಬೇಕು, ಎಂದರೆ ವಾಹನಗಳು ಹತ್ತರಷ್ಟಾಗಬೇಕು. ಇದರಿಂದ ಫಲಿಸುವ ಕಟುಸತ್ಯವೊಂದುಂಟು: ವಾಹನಗಳಲ್ಲಿ ಅರ್ಧವನ್ನು ತಡೆದರೂ ರಸ್ತೆಬದಿಯ ನಿವಾಸಿಗೆ ದೊರೆಯುವ ನೆಮ್ಮದಿ ಅತ್ಯಲ್ಪ. ಆದಕಾರಣ ಶಬ್ದತಜ್ಞನು ಬೇರೆ ದಾರಿಗಳನ್ನು ಹುಡುಕಬೇಕಾಗುತ್ತದೆ.

ಅವನ ಕೆಲಸ ಕ್ರಮಬದ್ಧವಾದದ್ದು. ಹೊಸ ಹೆದ್ದಾರಿ ಅಥವಾ ವಿಸ್ತರಣೆಯ ಪ್ರಸ್ತಾವ ಬಂದೊಡನೆ ಆ ಮಾರ್ಗದ ಪಕ್ಕದಲ್ಲಿರುವ ಮನೆ, ಶಾಲೆ, ಆಸ್ಪತ್ರೆ, ಪ್ರಾರ್ಥನಾಮಂದಿರ, ಉದ್ಯಾನಗಳನ್ನು ಗುರುತಿಸಲಾಗುತ್ತದೆ. ಆಯ್ದ ಸ್ಥಳಗಳಲ್ಲಿ ಮಾಪಕಯಂತ್ರವನ್ನಿಟ್ಟು ಸದ್ದನ್ನು ಅಳೆಯುತ್ತಾರೆ. ಅದೇ ಹೊತ್ತಿನಲ್ಲಿ ಕಾರು, ಲಾರಿಗಳನ್ನು ಎಣಿಸಿ ವೇಗವನ್ನು ಗುರುತುಹಾಕಿಕೊಳ್ಳುತ್ತಾರೆ. ಈ ಎಣಿಕೆಯನ್ನು ಗಣಕಯಂತ್ರದ ಮಾದರಿಗೆ ಉಣಿಸಿದಾಗ ಬರುವ ಉತ್ತರವು ಮಾಪಕವು ತೋರಿಸಿದ ಅಂಕಿಯೊಡನೆ ಹೊಂದಬೇಕು. ಹೊಂದಿದ ಮೇಲೆಯೇ ಆ ಮಾದರಿಯಿಂದ ಸುಮಾರು ಇಪ್ಪತ್ತು ವರ್ಷಗಳ ಮುಂದಿನ ಸಂಚಾರಕ್ಕೆ ಸದ್ದನ್ನು ಊಹಿಸುತ್ತಾರೆ. ಇಂದು ನೆಟ್ಟ ಗೋಡೆಯು ಮುಂದಿನ ಪೀಳಿಗೆಯ ಸಂಚಾರವನ್ನು ತಡೆದುಕೊಳ್ಳಬೇಕಾಗಿರುವುದರಿಂದ ಇಂದಿನ ಅಳತೆಯೊಂದೇ ಸಾಲದು.

ಅಮೆರಿಕದ ನಿಯಮದ ಪ್ರಕಾರ ಮನೆಯ ಹಾಗೂ ಶಾಲೆಯ ಹೊರಾಂಗಣದಲ್ಲಿ ಅತಿ ಗದ್ದಲದ ಗಂಟೆಯ ಸರಾಸರಿ ಸದ್ದು 67 ಡೆಸಿಬೆಲ್‌ಗಳ ಸಮೀಪಕ್ಕೆ ಬಂದರೆ, ಅಥವಾ ಮೊದಲಿದ್ದುದಕ್ಕಿಂತ ಗಣನೀಯವಾಗಿ ಏರಿದರೆ, ಇಲಾಖೆಯು ಪರಿಹಾರವನ್ನು ಪರಿಶೀಲಿಸಲೇಬೇಕು. ಶಾಲೆಯ ಒಳಗಿನ ಮಾನದಂಡ 52 ಡೆಸಿಬೆಲ್. ಕ್ಯಾಲಿಫೋರ್ನಿಯಾ ರಾಜ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಆ ರಾಜ್ಯದ ರಸ್ತೆ ಮತ್ತು ಹೆದ್ದಾರಿ ಸಂಹಿತೆಯ 216ನೆಯ ವಿಧಿಯ ಪ್ರಕಾರ, ಶಾಲೆಯ ಬಳಿ ಹೊಸದಾಗಿ ಯೋಜಿತವಾದ ಹೆದ್ದಾರಿಯಿಂದ ತರಗತಿಯ ಒಳಗಿನ ಸದ್ದು 52 ಡೆಸಿಬೆಲ್‌ಗಳನ್ನು ಮೀರಿದರೆ ಅದನ್ನು ಇಳಿಸಿಕೊಡುವುದು ರಸ್ತೆ ಇಲಾಖೆಯ ಕರ್ತವ್ಯ. ಅದು ಸರಕಾರಿ ಶಾಲೆಯೋ ಖಾಸಗಿ ಶಾಲೆಯೋ ಎಂಬ ಭೇದವಿಲ್ಲ. ತರಗತಿಯ ಶಾಂತಿಯು ದಾಕ್ಷಿಣ್ಯದ ಮಾತಾಗಿ ಉಳಿಯದೆ ಹಕ್ಕಾದದ್ದು ಇಲ್ಲಿ ಗಮನಾರ್ಹ.

ಗೋಡೆ, ಗಿಡ, ಡಾಂಬರು

ಪರಿಹಾರವೆಂದರೆ ಬಹುಮಟ್ಟಿಗೆ ರಸ್ತೆಯಂಚಿನ ತಡೆಗೋಡೆ. ಮನೆಯಿಂದ ವಾಹನಗಳು ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಗೋಡೆ ಎದ್ದರೆ ಸುಮಾರು 5 ಡೆಸಿಬೆಲ್ ತಗ್ಗುತ್ತದೆ. ಅದರ ಮೇಲೆ ಪ್ರತಿಯೊಂದು ಮೀಟರಿಗೆ ಸುಮಾರು ಒಂದೂವರೆ ಡೆಸಿಬೆಲ್ ಇಳಿಯುತ್ತದೆ. ಗೋಡೆಯಲ್ಲಿ ಬಾಗಿಲಿಗೋ ಅಡ್ಡರಸ್ತೆಗೋ ತೆರಪು ಬಿಟ್ಟರೆ ಆ ದಾರಿಯಿಂದ ಸದ್ದು ನುಗ್ಗುವುದರಿಂದ, ಮನೆಗಳ ಮುಂಬಾಗಿಲು ನೇರವಾಗಿ ರಸ್ತೆಗೇ ತೆರೆಯುವಲ್ಲಿ ಗೋಡೆಯಿಂದ ಹೆಚ್ಚು ಪ್ರಯೋಜನವಿಲ್ಲ. ಎತ್ತರದ ಕಟ್ಟಡದ ಮೇಲಂತಸ್ತುಗಳಿಗೂ ಅದು ನೆರವಾಗದು.

ರಸ್ತೆಬದಿಯಲ್ಲಿ ಒಂದು ಸಾಲು ಮರಗಳನ್ನು ನೆಟ್ಟರೆ ಸದ್ದು ನಿಲ್ಲುವುದೆಂಬ ನಂಬಿಕೆ ಎಲ್ಲೆಡೆಯಲ್ಲಿಯೂ ಇದೆ. ಮರಗಳು ನೆರಳಿಗೂ ನೋಟಕ್ಕೂ ಅಮೂಲ್ಯವಾದವು. ಆದರೆ 10 ಡೆಸಿಬೆಲ್ ತಗ್ಗಬೇಕಾದರೆ ಸುಮಾರು 60 ಮೀಟರ್ ಅಗಲದ, ನೋಟ ತೂರದಷ್ಟು ದಟ್ಟವಾದ ಹಸಿರುಪಟ್ಟಿ ಬೇಕೆಂಬುದು ಅಮೆರಿಕದ ಹೆದ್ದಾರಿ ಆಡಳಿತದ ಲೆಕ್ಕ. ಒಂದು ಸಾಲು ಮರಗಳು ವಾಹನಗಳನ್ನು ಮರೆಮಾಡಿ ಮನಸ್ಸಿಗೆ ಸಮಾಧಾನ ಕೊಡಬಲ್ಲವೇ ಹೊರತು, ಮಾಪಕದ ಮುಳ್ಳನ್ನು ಇಳಿಸಲಾರವು.

ಸದ್ದನ್ನು ಹುಟ್ಟುವಲ್ಲಿಯೇ ತಗ್ಗಿಸುವುದು ಇನ್ನೊಂದು ಬಗೆ. ಹೆದ್ದಾರಿಯ ವೇಗದಲ್ಲಿ ಓಡುವ ಕಾರಿನ ಸದ್ದು ಹೆಚ್ಚಾಗಿ ಎಂಜಿನಿನದಲ್ಲ, ಟೈರು ನೆಲವನ್ನು ಉಜ್ಜುವ ಸದ್ದು. ಅರಿಜೋನ ರಾಜ್ಯದ ಸಾರಿಗೆ ಇಲಾಖೆಯು 2003ರಲ್ಲಿ ಫೀನಿಕ್ಸ್ ನಗರದ ಕಾಂಕ್ರೀಟ್ ಹೆದ್ದಾರಿಗಳ ಮೇಲೆ ಹಳೆಯ ಟೈರುಗಳ ರಬ್ಬರನ್ನು ಬೆರೆಸಿದ ಡಾಂಬರಿನ ತೆಳುಪದರವನ್ನು ಹಾಸುವ ದೊಡ್ಡ ಪ್ರಯೋಗವನ್ನು ಕೈಗೊಂಡಿತು. ರಸ್ತೆಬದಿಯ ಜನರು ಅದನ್ನು ಮೆಚ್ಚಿದರು. ಆದರೆ ವರ್ಷಗಳು ಕಳೆದಂತೆ ಪದರ ಸವೆದು ಅದರ ಗುಣವೂ ಕುಗ್ಗಿತು. ಈಚೆಗೆ ಆ ಇಲಾಖೆಯು ಹಲವೆಡೆ ಅದನ್ನು ಕಿತ್ತು, ಕೆಳಗಿನ ಕಾಂಕ್ರೀಟನ್ನೇ ವಜ್ರದ ಅಲಗುಗಳಿಂದ ಉಜ್ಜಿ ನಯಗೊಳಿಸುವ ಕ್ರಮಕ್ಕೆ ತಿರುಗಿದೆ. ನೆಲದ ಹೊದಿಕೆಯು ಸವೆಯುತ್ತದೆ, ಗೋಡೆ ಸವೆಯುವುದಿಲ್ಲ ಎಂಬ ಕಾರಣದಿಂದಲೇ ಹೆದ್ದಾರಿ ಆಡಳಿತವು ನಿಶ್ಶಬ್ದ ಹೊದಿಕೆಯನ್ನು ಗೋಡೆಗೆ ಬದಲಾದ ಸಾಮಾನ್ಯ ಪರಿಹಾರವೆಂದು ಒಪ್ಪಿರಲಿಲ್ಲ. ಹೊಸ ಉಪಾಯವು ಮೊದಲ ದಿನ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಹತ್ತನೆಯ ವರ್ಷದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕೇಳುವುದು ಕಾರ್ಯಕ್ರಮದ ಮೇಲ್ವಿಚಾರಕನ ಲಕ್ಷಣ.

ಗಾಳಿಯ ಆಯವ್ಯಯ

ಗಾಳಿಯ ವಿಚಾರವು ಇನ್ನೂ ಜಟಿಲವಾದುದು. ಸದ್ದು ವಾಹನ ನಿಂತೊಡನೆ ನಿಲ್ಲುತ್ತದೆ. ಸ್ವಲ್ಪ ದೂರ ಹೋದರೆ ಅಡಗುತ್ತದೆ. ಹೊಗೆ ಹಾಗಲ್ಲ. ಅದರ ಒಂದು ಭಾಗವು, ವಿಶೇಷವಾಗಿ ಸೂಕ್ಷ್ಮಕಣಗಳು ಮತ್ತು ಇಂಗಾಲದ ಮಾನಾಕ್ಸೈಡು, ರಸ್ತೆಯ ಸಮೀಪದಲ್ಲಿಯೇ ಕೇಡು ಮಾಡುತ್ತದೆ. ಇನ್ನೊಂದು ಭಾಗವು ಬಿಸಿಲಿನಲ್ಲಿ ಬೆಂದು ಓಜೋನಾಗಿ ಅನೇಕ ಮೈಲಿಗಳಾಚೆಯ ಊರನ್ನು ಮುಟ್ಟುತ್ತದೆ. ಆದಕಾರಣ ವಾಯುತಜ್ಞನು ಎರಡು ಲೆಕ್ಕಗಳನ್ನಿಡಬೇಕು: ಒಂದು ಈ ರಸ್ತೆಯ ಪಕ್ಕದ್ದು, ಇನ್ನೊಂದು ಇಡೀ ಪ್ರದೇಶದ್ದು.

ಪ್ರದೇಶದ ಲೆಕ್ಕವನ್ನು ಮನೆಯ ಆಯವ್ಯಯದ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಗಾಳಿ ಕೆಟ್ಟಿರುವ ಪ್ರದೇಶಕ್ಕೆ ಇಷ್ಟು ವರ್ಷಗಳಲ್ಲಿ ಗಾಳಿಯನ್ನು ಶುದ್ಧಗೊಳಿಸುವೆವೆಂಬ ಯೋಜನೆಯನ್ನು ರಾಜ್ಯವು ಸಿದ್ಧಪಡಿಸುತ್ತದೆ. ಅದರಲ್ಲಿ ಕಾರ್ಖಾನೆಗಳಿಗೆ ಇಷ್ಟು ಹೊಗೆ, ವಾಹನಗಳಿಗೆ ಇಷ್ಟು ಹೊಗೆ ಎಂದು ಪಾಲು ಹಂಚಲಾಗಿರುತ್ತದೆ. ಯೋಜಿಸಿದ ಎಲ್ಲ ರಸ್ತೆಗಳನ್ನೂ ಕಟ್ಟಿದರೆ ವಾಹನಗಳಿಂದ ಹೊರಡುವ ಹೊಗೆಯು ಆ ಪಾಲನ್ನು ಮೀರುವುದಿಲ್ಲವೆಂದು ಸಾರಿಗೆ ಯೋಜಕರು ಲೆಕ್ಕ ತೋರಿಸಬೇಕು. ತೋರಿಸಲಾಗದಿದ್ದರೆ ಹೊಸ ರಸ್ತೆಗಳಿಗೆ ಕೇಂದ್ರದ ಹಣವಿಲ್ಲ. 1977ರಲ್ಲಿ ಮೊಳೆತು 1990ರ ತಿದ್ದುಪಡಿಯಲ್ಲಿ ಬಲಗೊಂಡ ಈ ನಿಯಮವು ಅನುರೂಪತೆಯ ನಿಯಮವೆಂದು ಪ್ರಸಿದ್ಧವಾಗಿದೆ.

ಈ ನಿಯಮಕ್ಕೆ ಹಲ್ಲುಂಟೆಂಬುದು ಜಾರ್ಜಿಯ ರಾಜ್ಯದ ಅಟ್ಲಾಂಟ ನಗರಕ್ಕೆ 1998ರಲ್ಲಿ ತಿಳಿಯಿತು. ಸುತ್ತಲಿನ 13 ಜಿಲ್ಲೆಗಳ ಆ ಪ್ರದೇಶವು ವೇಗವಾಗಿ ಹಬ್ಬಿ, ಜನರು ಕೆಲಸಕ್ಕಾಗಿ ನಿತ್ಯವೂ ಬಹುದೂರ ಕಾರಿನಲ್ಲಿ ಸಂಚರಿಸುತ್ತಿದ್ದರು. ಅನುರೂಪತೆಯ ಲೆಕ್ಕ ಕೂಡಲಿಲ್ಲ; ಯೋಜನೆಯ ಅವಧಿ ಮುಗಿಯಿತು; ಹೊಸ ಹೆದ್ದಾರಿಗಳಿಗೆ ಹಣ ನಿಂತಿತು. ಮೊದಲೇ ಮಂಜೂರಾಗಿದ್ದ ರಸ್ತೆಗಳನ್ನಾದರೂ ಮುಂದುವರಿಸಬಹುದೆಂಬ ವಾದವು ನ್ಯಾಯಾಲಯದವರೆಗೆ ಹೋಯಿತು. 1999ರ ಮಾರ್ಚ್ ತಿಂಗಳಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಅಂಥ ವಿನಾಯಿತಿಯನ್ನು ತಳ್ಳಿಹಾಕಿತು. ಅದೇ ವರ್ಷ ರಾಜ್ಯವು ಪ್ರಾದೇಶಿಕ ಸಾರಿಗೆ ಪ್ರಾಧಿಕಾರವೊಂದನ್ನು ಸ್ಥಾಪಿಸಿ, ಬಸ್ಸು ಮೊದಲಾದ ಸಾಮೂಹಿಕ ಸಾರಿಗೆಯ ಕಡೆಗೆ ಗಮನ ತಿರುಗಿಸಬೇಕಾಯಿತು. 2000ದಲ್ಲಿ ಹೊಸ ಯೋಜನೆಯು ಅಂಗೀಕಾರ ಪಡೆದ ಮೇಲೆಯೇ ಬಿಕ್ಕಟ್ಟು ಕರಗಿತು. ಗಾಳಿಯ ಲೆಕ್ಕವು ರಸ್ತೆಯ ಲೆಕ್ಕವನ್ನು ತಡೆದು ನಿಲ್ಲಿಸಿದ ಪ್ರಸಂಗವಿದು.

ಅದೇ ನಗರವು ಇನ್ನೊಂದು ಪಾಠವನ್ನೂ ಕಲಿಸಿತ್ತು. 1996ರ ಬೇಸಗೆಯ ಒಲಿಂಪಿಕ್ ಕ್ರೀಡೆಗಳ 17 ದಿನಗಳಲ್ಲಿ ನಗರದ ನಡುಭಾಗಕ್ಕೆ ಖಾಸಗಿ ಕಾರುಗಳ ಪ್ರವೇಶವನ್ನು ತಡೆದು, ಹೆಚ್ಚುವರಿ ಬಸ್ಸುಗಳನ್ನು ಓಡಿಸಿ, ಕಚೇರಿಗಳ ವೇಳೆಯನ್ನು ಬದಲಿಸಲಾಯಿತು. ಬೆಳಗಿನ ದಟ್ಟಣೆಯು ನೂರಕ್ಕೆ 22.5ರಷ್ಟು ಕಡಮೆಯಾಯಿತು, ಓಜೋನಿನ ದೈನಿಕ ಗರಿಷ್ಠಮಟ್ಟವು ನೂರಕ್ಕೆ 28ರಷ್ಟು ಇಳಿಯಿತು, ಸರಕಾರಿ ವೈದ್ಯಕೀಯ ನೆರವು ಪಡೆಯುವ ಬಡ ಕುಟುಂಬಗಳ ಮಕ್ಕಳಲ್ಲಿ ಉಬ್ಬಸದ ತುರ್ತು ಪ್ರಕರಣಗಳು ನೂರಕ್ಕೆ 41.6ರಷ್ಟು ಕುಗ್ಗಿದುವೆಂದು 2001ರಲ್ಲಿ ಪ್ರಕಟವಾದ ಅಧ್ಯಯನವು ವರದಿ ಮಾಡಿತು. ಆದರೆ ಆ ದಿನಗಳಲ್ಲಿ ಅಟ್ಲಾಂಟದಿಂದ ದೂರದ ಊರುಗಳಲ್ಲಿಯೂ ಓಜೋನ್ ಇಳಿದಿತ್ತೆಂದೂ, ಹವೆಯ ಪಾಲನ್ನು ಬೇರ್ಪಡಿಸದೆ ಎಲ್ಲ ಶ್ರೇಯಸ್ಸನ್ನೂ ಸಂಚಾರ ನಿಯಂತ್ರಣಕ್ಕೆ ಕೊಡಲಾಗದೆಂದೂ 2010ರ ಮತ್ತೊಂದು ಅಧ್ಯಯನ ತಿಳಿಸಿತು. ಇಂಥ ಎಚ್ಚರವು ಉತ್ಸಾಹವನ್ನು ತಗ್ಗಿಸಬಹುದು. ಆದರೆ ಶಾಸ್ತ್ರಕ್ಕೆ ಅದು ಅವಶ್ಯ.

ಸಣ್ಣ ಬದಲಾವಣೆಯಿಂದ ದೊಡ್ಡ ಫಲ ದೊರೆಯುವುದೂ ಉಂಟು. ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ವಾಹನಗಳು ಸಾಲಾಗಿ ನಿಂತು ಹೊಗೆಯುಗುಳುವುದು ಎಲ್ಲರೂ ಕಂಡ ದೃಶ್ಯ. ನ್ಯೂಜರ್ಸಿ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳಲ್ಲಿ ನಿಲ್ಲದೆಯೇ ಸುಂಕ ಕೊಡುವ ವಿದ್ಯುನ್ಮಾನ ಪದ್ಧತಿ ಬಂದ ಮೇಲೆ, ಕಟ್ಟೆಯಿಂದ 2 ಕಿಲೋಮೀಟರಿನೊಳಗೆ ವಾಸಿಸುವ ತಾಯಂದಿರಲ್ಲಿ ಅವಧಿಗೆ ಮುನ್ನ ಆಗುವ ಹೆರಿಗೆಗಳು ನೂರಕ್ಕೆ 10.8ರಷ್ಟೂ, ಕಡಮೆ ತೂಕದ ಶಿಶುಗಳ ಜನನವು ನೂರಕ್ಕೆ 11.8ರಷ್ಟೂ ಇಳಿದುವೆಂದು 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದರು. ಸಮಯವನ್ನು ಉಳಿಸಲೆಂದು ಮಾಡಿದ ಏರ್ಪಾಟು ಶಿಶುಗಳನ್ನು ಕಾಪಾಡಿತು. ಅಮೆರಿಕದ ಕೇಂದ್ರ ಸರಕಾರವು 1991ರಲ್ಲಿ ದಟ್ಟಣೆಯನ್ನೂ ಹೊಗೆಯನ್ನೂ ಒಟ್ಟಿಗೆ ತಗ್ಗಿಸುವ ಕಾಮಗಾರಿಗಳಿಗಾಗಿ ಪ್ರತ್ಯೇಕ ನಿಧಿಯನ್ನು ತೆರೆದದ್ದು ಇದೇ ತತ್ತ್ವದ ಮೇಲೆ. ಸಂಚಾರದ ದೀಪಗಳ ಹೊಂದಾಣಿಕೆ, ಬಸ್ಸು, ಸೈಕಲ್ಲಿನ ದಾರಿ ಮುಂತಾದುವಕ್ಕೆ ರಾಜ್ಯಗಳು ಅದರಿಂದ ಹಣ ಪಡೆಯುತ್ತವೆ. ಕ್ಯಾಲಿಫೋರ್ನಿಯಾದ 2003ರ ಶಾಸನವೊಂದು, ಕೆಲವು ವಿನಾಯಿತಿಗಳ ಹೊರತು, ವೇಗದ ಹೆದ್ದಾರಿಯಿಂದ 500 ಅಡಿಗಳೊಳಗೆ ಹೊಸ ಶಾಲೆಗೆ ನಿವೇಶನವನ್ನು ಆರಿಸಲಾಗದೆಂದು ವಿಧಿಸಿತು.

ಮೇಲ್ವಿಚಾರಕನ ಇಕ್ಕಟ್ಟು

ಗಾಳಿ ಮತ್ತು ಸದ್ದುಗಳ ಕಾರ್ಯಕ್ರಮವನ್ನು ಒಬ್ಬನೇ ಅಧಿಕಾರಿಯ ಕೈಗೆ ಕೊಡುವುದರಲ್ಲಿ ಔಚಿತ್ಯವಿದೆ. ಏಕೆಂದರೆ ಒಂದರ ಔಷಧವು ಇನ್ನೊಂದರ ಅಪಥ್ಯವಾಗಬಹುದು. ನಿಂತು ನಿಂತು ಸಾಗುವ ವಾಹನವು ಹೆಚ್ಚು ಹೊಗೆಯುಗುಳುತ್ತದೆ. ದಟ್ಟಣೆಯನ್ನು ಬಿಡಿಸಿ ವೇಗವನ್ನು ಹೆಚ್ಚಿಸಿದರೆ ಹೊಗೆ ತಗ್ಗಬಹುದು. ಆದರೆ ವೇಗ ಹೆಚ್ಚಿದರೆ ಸದ್ದು ಹೆಚ್ಚುತ್ತದೆ: ಗಂಟೆಗೆ 65 ಮೈಲಿ ವೇಗದ ಸಂಚಾರವು 30 ಮೈಲಿ ವೇಗದ ಸಂಚಾರಕ್ಕಿಂತ ಕಿವಿಗೆ ಇಮ್ಮಡಿಯಾಗಿ ಕೇಳಿಸುತ್ತದೆ. ಕೆಲವೊಮ್ಮೆ ಎರಡೂ ಹೊಂದಿಬರುತ್ತವೆ. ಸದ್ದಿಗಾಗಿ ಕಟ್ಟಿದ ಗೋಡೆಯು ಹೊಗೆಯನ್ನು ಮೇಲಕ್ಕೆತ್ತಿ, ತನ್ನ ಬೆನ್ನಿಗಿರುವ ಜಾಗದಲ್ಲಿ ಅದರ ಸಾಂದ್ರತೆಯನ್ನು ತಗ್ಗಿಸುವುದೆಂದು ಪ್ರಯೋಗಗಳು ತೋರಿಸಿವೆ.

ಇದಕ್ಕಿಂತ ಕಠಿಣವಾದ ಇಕ್ಕಟ್ಟು ನ್ಯಾಯಕ್ಕೆ ಸಂಬಂಧಿಸಿದ್ದು. ಹೊಸ ಹೆದ್ದಾರಿಗೆ, ಅಥವಾ ಹಳೆಯದರ ವಿಸ್ತರಣೆಗೆ ಶಬ್ದದ ಅಧ್ಯಯನ ಕಡ್ಡಾಯ. ಆದರೆ ನಿಯಮ ಬರುವ ಮೊದಲೇ ಕಟ್ಟಿದ ಹೆದ್ದಾರಿಯ ಪಕ್ಕದಲ್ಲಿ ಐವತ್ತು ವರ್ಷಗಳಿಂದ ನರಳುತ್ತಿರುವವರಿಗೆ ಗೋಡೆ ಕಟ್ಟಿಕೊಡುವುದು ರಾಜ್ಯದ ಇಚ್ಛೆಗೆ ಬಿಟ್ಟ ವಿಷಯ. ಗೋಡೆಯ ವೆಚ್ಚವು ಅದರಿಂದ ಪ್ರಯೋಜನ ಪಡೆಯುವ ಮನೆಗಳ ಸಂಖ್ಯೆಗೆ ತಕ್ಕಂತಿರಬೇಕೆಂಬ ನಿಬಂಧನೆಯೂ ಉಂಟು. ಒಂಟಿ ಮನೆಯಲ್ಲಿರುವವನ ಕಿವಿಯು ಅಷ್ಟೇ ನೊಂದರೂ ಲೆಕ್ಕದಲ್ಲಿ ಅವನು ಸೋಲುತ್ತಾನೆ. ಸಾರ್ವಜನಿಕ ಸಭೆಯಲ್ಲಿ ಅಂಥವನ ಎದುರು ನಿಂತು, ‘ನಿಮ್ಮ ಅಂಗಳದಲ್ಲಿ ಸದ್ದು ಮಿತಿಯನ್ನು ಮೀರಿದೆ, ಆದರೂ ಗೋಡೆ ಬರುವುದಿಲ್ಲ’ ಎಂದು ಕಾರಣಸಹಿತವಾಗಿ ಹೇಳಬೇಕಾದವನು ಈ ಅಧಿಕಾರಿಯೇ. ಮತ್ತೊಂದೆಡೆ ಇಲಾಖೆಯ ಒಳಗೇ, ಗುತ್ತಿಗೆಯ ದಿನ ಸಮೀಪಿಸಿದಾಗ, ‘ಅಂಕಿ ಒಂದೆರಡು ಡೆಸಿಬೆಲ್ ಕಡಮೆ ಬಂದಿದ್ದರೆ ಚೆನ್ನಾಗಿತ್ತು’ ಎಂಬ ನಿಟ್ಟುಸಿರನ್ನು ಕೇಳಬೇಕಾದವನೂ ಅವನೇ. ಒಂದೆರಡು ಡೆಸಿಬೆಲ್‌ಗಳ ಅಂತರದ ಮೇಲೆ ಒಂದು ಬೀದಿಗೆ ಗೋಡೆ ಬರುವುದೂ ಬಾರದಿರುವುದೂ ನಿಂತಿರುತ್ತದೆ. ಆದ್ದರಿಂದ ಯಂತ್ರವನ್ನು ಒಪ್ಪ ಮಾಡಿಟ್ಟುಕೊಳ್ಳುವುದು, ಅಳೆದ ದಿನದ ಗಾಳಿಯ ವೇಗವನ್ನೂ ಹೊತ್ತನ್ನೂ ಬರೆದಿಡುವುದು, ಊಹೆಯನ್ನು ಊಹೆಯೆಂದೇ ಹೇಳುವುದು, ಇವು ಕಚೇರಿಯ ನೀರಸ ವಿಧಿಗಳಲ್ಲ. ಈ ಕೆಲಸದ ಶೀಲವೇ ಇವುಗಳಲ್ಲಿದೆ.

ನಮ್ಮ ನಾಡಿಗೆ ಇದರ ಪ್ರಸಕ್ತಿ

ಭಾರತದಲ್ಲಿ ಗಾಳಿ ಮತ್ತು ಸದ್ದುಗಳ ಸಂಬಂಧವನ್ನು ಕಾಯಿದೆಯೇ ಬೆಸೆದಿದೆ. 1981ರ ವಾಯುಮಾಲಿನ್ಯ ನಿವಾರಣಾ ಕಾಯಿದೆಗೆ 1987ರಲ್ಲಿ ತಂದ ತಿದ್ದುಪಡಿಯಿಂದ ಸದ್ದೂ ವಾಯುಮಾಲಿನ್ಯಕಾರಕಗಳ ಸಾಲಿಗೆ ಸೇರಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರಿಗೆ ಕಡಮೆಯಿಲ್ಲದ ಪ್ರದೇಶವನ್ನು ನಿಶ್ಶಬ್ದ ವಲಯವಾಗಿ ಸಾರಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ಇರುಳಿನ ಮಿತಿ 40. ಸೀಸ ಬೆರೆತ ಪೆಟ್ರೋಲಿನ ಮಾರಾಟವು ದೇಶದಲ್ಲಿ 2000ದಲ್ಲಿ ನಿಂತಿತು. ಹೊಸ ವಾಹನಗಳಿಗೆ ಕಟ್ಟುನಿಟ್ಟಾದ ಆರನೆಯ ಹಂತದ ಹೊಗೆಯ ಮಾನದಂಡವು 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ವಾಹನದ ಹೊಣೆಯನ್ನು ನಾವು ಗುರುತಿಸಿದ್ದೇವೆ. ರಸ್ತೆಯ ಹೊಣೆಯನ್ನು ಅಷ್ಟೇ ಗಂಭೀರವಾಗಿ ಗುರುತಿಸುವುದು ಮುಂದಿನ ಮೆಟ್ಟಿಲು.

ನಮ್ಮ ಅನೇಕ ಶಾಲೆಗಳನ್ನು ಹಿರಿಯರು ಊರ ದಾರಿಯ ಪಕ್ಕದಲ್ಲಿಯೇ ಕಟ್ಟಿದರು. ನಡೆದು ಬರುವ ಮಕ್ಕಳಿಗೆ ಅನುಕೂಲವಾಗಲೆಂಬುದು ಅವರ ಸದುದ್ದೇಶವಾಗಿತ್ತು. ಕಾಲಾಂತರದಲ್ಲಿ ಆ ಎತ್ತಿನ ಗಾಡಿಯ ದಾರಿಯೇ ಹೆದ್ದಾರಿಯಾಗಿರುವುದುಂಟು. ಶಾಲೆ ಸರಿದುಹೋಗಲಾರದು, ಆದರೆ ಅದು ಅಸಹಾಯವೂ ಅಲ್ಲ. ರಸ್ತೆಯ ವಿಸ್ತರಣೆಯ ಪ್ರಸ್ತಾವ ಬಂದಾಗಲೇ ತರಗತಿಯ ಒಳಗಿನ ಸದ್ದನ್ನು ಅಳೆಯಿಸಿ ದಾಖಲೆ ಮಾಡಿಸುವುದು, ಆಂಗಣಗೋಡೆಯನ್ನು ತೆರಪಿಲ್ಲದಂತೆ ಎತ್ತರಿಸುವುದು, ಓದು ಕಲಿಯುವ ಎಳೆಯ ಮಕ್ಕಳ ಕೊಠಡಿಗಳನ್ನು ಕಟ್ಟಡದ ಒಳಪಾರ್ಶ್ವಕ್ಕೂ ಉಗ್ರಾಣ, ಕಚೇರಿಗಳನ್ನು ರಸ್ತೆಯ ಪಾರ್ಶ್ವಕ್ಕೂ ಬದಲಿಸುವುದು, ಹೊಸ ಕಟ್ಟಡಕ್ಕೆ ದಾನ ಬಂದಾಗ ನಿವೇಶನದ ಹಿಂಬದಿಯನ್ನು ಆರಿಸುವುದು ಇವು ಆಡಳಿತ ಮಂಡಲಿಯ ಕೈಯಲ್ಲಿಯೇ ಇರುವ ಕ್ರಮಗಳು. ಇವುಗಳಲ್ಲಿ ಕೆಲವಕ್ಕೆ ಹಣ ಬೇಕು; ಕೆಲವಕ್ಕೆ ಬೇಕಾದುದು ಗಮನ ಮಾತ್ರ.

ಪಿ.ಎಸ್. 98 ಶಾಲೆಯ ಸದ್ದಿನ ಪಾರ್ಶ್ವದಲ್ಲಿ ಕುಳಿತ ಮಕ್ಕಳು ತಾವು ಹಿಂದುಳಿಯುತ್ತಿರುವುದನ್ನು ತಾವೇ ಅರಿತಿರಲಿಲ್ಲ. ಅವರ ಉಪಾಧ್ಯಾಯರೂ ರೈಲಿಗೆ ಒಗ್ಗಿಹೋಗಿದ್ದರು. ಒಗ್ಗಿಹೋದದ್ದು ಕಿವಿಯೇ ಹೊರತು ಹಾನಿಯಲ್ಲ. ಯಾರೋ ಒಬ್ಬರು ಅಂಕಗಳ ಪಟ್ಟಿಯನ್ನು ಎರಡು ಭಾಗ ಮಾಡಿ ನೋಡಿದರು. ಹಳಿಯ ಕೆಳಗೆ ರಬ್ಬರಿನ ಮೆತ್ತೆ ಬಂದಿತು. ಮುಂದಿನ ಮಕ್ಕಳು ನೆರೆಯ ಕೊಠಡಿಯವರೊಡನೆ ಸರಿಸಮವಾಗಿ ಓದಿದರು. ರಸ್ತೆಯು ಊರಿಗೆ ಭಾಗ್ಯವೆಂಬುದು ನಿಜ. ಆ ಭಾಗ್ಯಕ್ಕೆ ಯಾವ ಕೊಠಡಿಯ ಮಕ್ಕಳು ಬೆಲೆ ತೆರುತ್ತಿದ್ದಾರೆಂಬುದನ್ನು ಅಳೆದು ನೋಡುವವರು ಪ್ರತಿಯೊಂದು ಊರಿನಲ್ಲಿಯೂ ಇರಬೇಕಾದದ್ದು ಅಷ್ಟೇ ಅವಶ್ಯ.